ಗೋಡೆಗೆ ಮುಖ ಮಾಡುತ್ತಿದ್ದ ಸರ್

ಸರ್ ಅವರ ಕತ್ತಿನ ಹಿಂದೆ ಹಳೆಯ ಸುಟ್ಟ ಗಾಯದ ಗುರುತಿತ್ತು. ನಾವುಂದದ ನಮ್ಮ ಹೈಸ್ಕೂಲಿನ ಮಕ್ಕಳಿಗೆಲ್ಲ ಅದು ಚೆನ್ನಾಗಿ ಗೊತ್ತು. ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಅವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು, ಉಳಿದವರನ್ನೂ ಹಾಗೆಯೇ ನಿಲ್ಲಿಸುತ್ತಿದ್ದರು. "ನಂಗೂ ಹೇಳ್ಬೇಡಿ. ಮಾಷ್ಟ್ರ್ ಅಂದೇಳಿ ನಂಬುದ್ ಬ್ಯಾಡ" ಎನ್ನುವುದು ಅವರ ನಿತ್ಯದ ಮಾತು. ಅವರು ಗಣಿತದ ಮೇಷ್ಟ್ರು. ಮುಂಬೈಯ ಹೋಟೆಲಿನವರು ಯಾರೋ ಕೊಟ್ಟ ಹಳೆಯ ಕಂಪ್ಯೂಟರುಗಳೆಂದರೆ ಅವರಿಗೆ ಪ್ರಾಣ. ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆಂದು ಬೇಸಿಗೆ ರಜೆಯಲ್ಲೂ ಬ್ರಹ್ಮಾವರದಿಂದ ಬಸ್ಸು ಹತ್ತಿ ಬಂದು ಒರೆಸಿ ಹೋಗುತ್ತಿದ್ದರು.

ಅಷ್ಟು ಹೇಳಿಕೊಟ್ಟರೂ ಮೀನುಗಾರರ ಮಕ್ಕಳಾದ ನಾವೆಲ್ಲ ಪಾಸ್‌ವರ್ಡಾಗಿ ಇಟ್ಟದ್ದು ನಮ್ಮ ನಮ್ಮ ದೋಣಿಯ ಹೆಸರನ್ನೇ. ಅದು ಮನೆಗೆ ಅನ್ನ ಕೊಡುವ ಹೆಸರು, ಶುಭ ಎಂಬ ನಂಬಿಕೆ. ದಡದಲ್ಲಿ ನಿಂತ ದೋಣಿಯ ಮೇಲೆ ಅದೇ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ ಎನ್ನುವುದು ಹೊಳೆಯಲೇ ಇಲ್ಲ. ನಾನು ಒಂಬತ್ತನೆಯಲ್ಲಿದ್ದಾಗ ಯಾರೋ ನನ್ನ ಖಾತೆಗೆ ನುಗ್ಗಿ, ಅಲ್ಲಿದ್ದ ಫೋಟೋದಿಂದ ನನ್ನ ಮುಖವನ್ನು ಬೇರೆ ಯಾರದ್ದೋ ಮೈಗೆ ಅಂಟಿಸಿ ಊರಿಗೆಲ್ಲ ಹಂಚಿದರು. ಅಪ್ಪ ಶಾಲೆ ಬಿಡಿಸಿದರು. ಅಮ್ಮ ಬಡಿಸುವಾಗಲೂ ನನ್ನ ಮುಖ ನೋಡುತ್ತಿರಲಿಲ್ಲ.

ಸರ್ ನಮ್ಮ ಮನೆಗೆ ಬಂದರು.

"ಮಾಷ್ಟ್ರೆ, ಇನ್ ಈ ಹೆಣ್ಣ್ ಶಾಲಿಗೆ ಹೋಪುದ್ ಬ್ಯಾಡ. ನಂಗೆ ತಲಿ ಎತ್ತುಕಾತ್ತಿಲ್ಲೆ" ಎಂದರು ಅಪ್ಪ.

"ಯಾರಾರೂ ಮೀನಿನ್ ಬಲಿ ಕದ್ಕಂಡ್ ಹೋರೆ ನೀವ್ ಕಳ್ಳನ್ನ್ ಹುಡುಕ್ತ್ರಿಯಾ, ದೋಣಿ ಸುಡ್ತ್ರಿಯಾ?" ಎಂದರು ಸರ್.

ಮರುದಿನ ಅಪ್ಪನನ್ನು ಸರ್ ಬೈಂದೂರಿಗೆ ಕರೆದೊಯ್ದು ಪೊಲೀಸರಿಗೆ ದೂರು ಕೊಡಿಸಿದರು.

ಸಿಕ್ಕಿಬಿದ್ದವನು ಶಾಲಾ ಸಮಿತಿಯ ದೊಡ್ಡವರೊಬ್ಬರ ಅಣ್ಣನ ಮಗ. ಸಮಿತಿ ಸಭೆ ಕರೆಯಿತು. ಈ ರಗಳೆಗೆಲ್ಲ ಕಂಪ್ಯೂಟರ್ ಪಾಠವೇ ಕಾರಣ, ದೂರು ವಾಪಸು ತೆಗೆಸಿ, ಇಲ್ಲದಿದ್ದರೆ ಆ ಕೋಣೆಗೆ ಬೀಗ ಹಾಕುತ್ತೇವೆ ಎಂದು ಸರ್‌ಗೆ ಹೇಳಿದರಂತೆ. ಎಂಥ ನ್ಯಾಯವೋ! ಸಭೆಯಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು, "ಮಾಷ್ಟ್ರ್ ದೂರ್ ಬಿಡ್ಲಿಲ್ಲೆ, ಕೋಣಿ ಬಿಟ್ ಕೊಟ್ರ್. ನೀ ನಾಳಿಂದ ಶಾಲಿಗ್ ಹೋಗ್" ಎಂದರು.

ನಾನು ಹತ್ತನೆ ಮುಗಿಸಿದೆ. ಆ ಬೀಗ ತೆಗೆಯಲೇ ಇಲ್ಲ. ಒಳಗಿದ್ದ ಯಂತ್ರಗಳೆಲ್ಲ ಹಾಳಾದವು. ಸರ್ ದಿನವೂ ಅದರ ಮುಂದಿನಿಂದಲೇ ಗಣಿತದ ಪಾಠಕ್ಕೆ ಹೋಗುತ್ತಿದ್ದರು.

ನಿವೃತ್ತರಾದ ಮೇಲೆ ಅವರು ಬಹಳ ದಿನ ಬದುಕಲಿಲ್ಲ. ಸುದ್ದಿ ಕೇಳಿ ಬ್ರಹ್ಮಾವರಕ್ಕೆ ಹೋದೆ. ಶಿಷ್ಯೆ ಎಂದದ್ದಕ್ಕೆ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಯಾವ್ದೋ ಒಂದ್ ಹೆಣ್ಣಿಗೋಸ್ಕರ ಆ ಕೋಣಿ ಬಿಟ್ ಕೊಟ್ರಂಬ್ರ್. ಅದ್ರ್ ಹೆಸ್ರ್ ನಂಗೂ ಹೇಳ್ಲಿಲ್ಲೆ ಮಗಾ" ಎಂದರು.

ಆ ಹೆಣ್ಣು ನಾನೇ ಎಂದೆ. ನೆರೆದವರಿಗೆಲ್ಲ ಕೇಳುವ ಹಾಗೆ ಎಂದೆ.