ಹಸಿ ತೊಗರಿ ಬರುವತನಕ

ನಮ್ಮವರು ಹಾಸಿಗೆ ಹಿಡಿದ ಮೇಲೆ ಬಾಯಿಬಿಟ್ಟು ಕೇಳಿದ್ದು ಒಂದೇ ಊಟ. ಟೊಬೆಗೊದಲ್ಲಿ ತಿಂದ ತೊಗರಿ ಅನ್ನ. ಟೊಬೆಗೊ ಎನ್ನುವುದು ಕೆರಿಬಿಯನ್ ಸಮುದ್ರದಲ್ಲಿರುವ ಒಂದು ಸಣ್ಣ ದ್ವೀಪ. ಆ ಅನ್ನಕ್ಕೆ ಹಸಿ ತೊಗರಿಯೇ ಬೇಕು. ಅವರು ಕೇಳಿದ್ದು ಆಷಾಢದಲ್ಲಿ. ಹೊಲದಲ್ಲಿ ತೊಗರಿ ಆಗಷ್ಟೇ ಮೊಳಕೆಯೊಡೆದು ಎಲೆ ಬಿಟ್ಟಿತ್ತು.

"ಹಸಿ ತೊಗರಿ ಬರ್ಲಿ, ಮಾಡಿ ಹಾಕ್ತೇನಿ" ಎಂದೆ.

"ಆಯ್ತು. ಅಲ್ಲಿತನಕ ಇರ್ತೇನಿ" ಎಂದರು.

ಇರಲಿಲ್ಲ. ತೊಗರಿ ಹೂ ಬಿಡುವ ಮೊದಲೇ ಹೋದರು.

ಮಾರ್ಗಶಿರ ಬಂತು. ಬೀದರಿನ ಪೇಟೆಯಲ್ಲಿ ಹೆಂಗಸರು ಗೋಣಿತಟ್ಟಿನ ಮೇಲೆ ಹಸಿ ತೊಗರಿಕಾಯಿ ರಾಶಿ ಹಾಕಿಕೊಂಡು ಕೂತರು. ನಾನು ಚಿದ್ರಿ ಬಡಾವಣೆಯ ನಮ್ಮ ಮನೆಯಿಂದ ತರಕಾರಿಗೆ ಹೋದಾಗಲೆಲ್ಲ ಆ ಸಾಲು ಬಿಟ್ಟು ಬೇರೆ ಸಾಲಿನಲ್ಲಿ ನಡೆದೆ. ಕೊಂಡು ತಂದು ಏನು ಮಾಡಲಿ? ಮಾಡಿ ಹಾಕ್ತೇನಿ ಎಂದ ಮಾತು ನನ್ನ ಬಾಯಲ್ಲೇ ಉಳಿದಿತ್ತು. ಯಾರಿಗೆ ಹಾಕುವುದು ಎಂಬುದು ತಿಳಿಯುತ್ತಿರಲಿಲ್ಲ.

ನಮಗೆ ಮಕ್ಕಳಿಲ್ಲ. ಅವರು ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ಸಣ್ಣದೊಂದು ಅಡತಿ ಅಂಗಡಿ ನಡೆಸಿದರು. ರೈತರು ತಂದ ತೊಗರಿ, ಕಡಲೆ, ಉದ್ದು ಅಲ್ಲಿ ಹರಾಜಾಗಿ ಲಾರಿ ಹತ್ತುತ್ತಿತ್ತು. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದೆ. ಅವರ ಊರು ಭಾಲ್ಕಿ ತಾಲೂಕಿನ ಸಾಯಗಾಂವ. ನನ್ನ ತವರು ಔರಾದ ಹತ್ತಿರದ ಹಳ್ಳಿ. ಅಪ್ಪ ಕುರಿ ಕಾಯುತ್ತಿದ್ದ. ಮದುವೆಯಾದಾಗಿನಿಂದ ನಮ್ಮ ತಿರುಗಾಟವೆಲ್ಲ ಈ ಮೂರು ಊರುಗಳ ನಡುವೆಯೇ. ಒಂದು ಕಡೆ ಮದುವೆ, ಒಂದು ಕಡೆ ಹೊಲ, ಒಂದು ಕಡೆ ಮನೆ.

ಅಂಗಡಿ ಬಿಟ್ಟುಕೊಟ್ಟ ವರ್ಷ, ಎಲ್ಲಿಗಾದರೂ ಹೋಗಿ ಬರೋಣ ಎಂದರು. ಕಾಶಿ ಇರಬಹುದು ಅಂದುಕೊಂಡೆ. ಅವರು ಹೇಳಿದ್ದು ವೆಸ್ಟ್ ಇಂಡೀಸಿನ ಪೋರ್ಟ್ ಆಫ್ ಸ್ಪೇನ್. ಚಿಕ್ಕವರಿದ್ದಾಗ ಸಾಯಗಾಂವದಲ್ಲಿ ಒಬ್ಬರ ಮನೆಯಲ್ಲಿ ಟ್ರಾನ್ಸಿಸ್ಟರ್ ಇತ್ತಂತೆ. ವೆಸ್ಟ್ ಇಂಡೀಸಿನಿಂದ ಕ್ರಿಕೆಟ್ ಬಂದರೆ ಊರ ಹುಡುಗರೆಲ್ಲ ಅದರ ಸುತ್ತ ಕೂರುತ್ತಿದ್ದರಂತೆ. ಇಲ್ಲಿ ಕತ್ತಲು, ಅಲ್ಲಿ ಬಿಸಿಲು. ಆ ಬಿಸಿಲು ಹೇಗಿರುತ್ತದೆ ಎಂದು ನೋಡಬೇಕೆಂಬ ಆಸೆ ಅವರಿಗೆ ಅಂದಿನಿಂದಲೂ ಇತ್ತು. ನನಗೆ ಗೊತ್ತಾದದ್ದು ಅವತ್ತು.

"ಕಾಶಿಗಿ ಹೋಗೋ ವಯಸ್ಸಿನಾಗ ಕ್ರಿಕೆಟ್ ಆಡ್ಲಾಕ ಹೋಗ್ತೀರೇನ್ರಿ?" ಎಂದೆ.

"ಕಾಶಿ ಎಲ್ಲಿ ಹೋಗ್ತದ? ಸತ್ತ ಮ್ಯಾಲೂ ಒಯ್ತಾರ" ಎಂದರು. ಇಬ್ಬರೂ ನಕ್ಕೆವು.

ಹೈದರಾಬಾದಿನ ಪ್ರವಾಸದವರು ಎಲ್ಲ ಗೊತ್ತು ಮಾಡಿಕೊಟ್ಟರು. ಟಿಕೆಟ್ ಕೈಗೆ ಬಂದ ಮೇಲೆ ಅವರು ಪಂಚಾಂಗ ತೆಗೆದು ನೋಡಿದರು. ಎಳ್ಳ ಅಮಾವಾಸ್ಯೆ ನಾವು ಅಲ್ಲಿರುವ ದಿನಗಳಲ್ಲೇ ಬಿದ್ದಿತ್ತು. ಆ ದಿನ ನಮ್ಮಲ್ಲಿ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಮಾಡಿದ ಅಡುಗೆಯಲ್ಲಿ ಎಲ್ಲದರದೂ ಸ್ವಲ್ಪ ಸ್ವಲ್ಪ ಮೊದಲು ಮಂತ್ರದಂತೆ ಕೂಗುತ್ತ ಹೊಲಕ್ಕೆ ಚೆಲ್ಲಿ, ಆಮೇಲೆ ಉಣ್ಣುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತೇವೆ. ಅಂಗಡಿಯಲ್ಲಿ ಎಷ್ಟೇ ಕೆಲಸವಿರಲಿ, ಸಾಯಗಾಂವದ ಹೊಲದಲ್ಲಿ ಚರಗ ಚೆಲ್ಲುವವರು ಇವರೇ. ತಮ್ಮ ಚೆಲ್ತಾನ ಬಿಡು ಎಂದು ತಮಗೆ ತಾವೇ ಹೇಳಿಕೊಂಡರು.

ಪೋರ್ಟ್ ಆಫ್ ಸ್ಪೇನಿನಲ್ಲಿ ಕ್ರಿಕೆಟ್ ಮೈದಾನದ ಗೇಟಿನ ಸಂದಿಯಿಂದ ನೋಡಿದೆವು. ಆಟ ಇರಲಿಲ್ಲ. ಒಬ್ಬ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ. ಇವರು ಸರಳು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದು, ಬಿಸಿಲು ನಮ್ಮದರಂಗೇ ಅದ, ನಡಿ ಎಂದರು. ಅಲ್ಲಿಂದ ಸಣ್ಣ ವಿಮಾನ ಹತ್ತಿ ಪಕ್ಕದ ಟೊಬೆಗೊ ದ್ವೀಪಕ್ಕೆ ಹೋದೆವು.

ಹೋಟೆಲು ಸಮುದ್ರದ ದಂಡೆಯಲ್ಲೇ ಇತ್ತು. ಬೆಳಗಿನ ತಿಂಡಿಗೆ ಪಪ್ಪಾಯಿ, ಹುರಿದ ಮೀನು, ಎಣ್ಣೆಯಲ್ಲಿ ಕರಿದ ದಪ್ಪ ಪೂರಿಯಂಥದ್ದು. ನಾನು ಮನೆಯಿಂದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಒಯ್ದಿದ್ದೆ. ಅವರು ಎಲ್ಲದರ ಮೇಲೂ ಅದನ್ನೇ ಉದುರಿಸಿಕೊಂಡು ತಿಂದರು. ಅದಕ್ಕೂ ಮೊದಲು ಉಪ್ಪು. ಇದು ಅವರ ಜೀವಮಾನದ ಚಾಳಿ. ಯಾವ ಮನೆಯಲ್ಲಿ ಯಾರು ಬಡಿಸಿದರೂ ಮೊದಲ ತುತ್ತಿಗೆ "ಉಪ್ಪು ಒಂಚೂರು ಕಡಿಮಿ" ಎಂದು ಕೈ ಚಾಚುವವರೇ. ನನ್ನ ತವರಿನಲ್ಲಿ ಅವರ ತಾಟಿನ ಪಕ್ಕ ಮೊದಲೇ ಉಪ್ಪಿನ ಬಟ್ಟಲು ಇಟ್ಟುಬಿಡುತ್ತಿದ್ದರು.

ಗುಡ್ಡದ ಮೇಲೆ ಇಂಗ್ಲಿಷರ ಕಾಲದ ಕೋಟೆಯೊಂದಿತ್ತು. ಸಮುದ್ರಕ್ಕೆ ಬಾಯಿ ಮಾಡಿಕೊಂಡ ತೋಪುಗಳು. ಇವರು ಒಂದು ತೋಪನ್ನು ಗೇಣು ಹಾಕಿ ಅಳೆದು, "ನಮ್ಮ ಕೋಟಿ ಮುಂದ ಇದು ಹಿತ್ತಲ ಗ್ವಾಡಿ" ಎಂದರು. ಬೀದರಿನ ಕೋಟೆಯೊಳಗೆ ಅವರು ಹೋಗಿ ಎಷ್ಟೋ ವರ್ಷವಾಗಿತ್ತು. ಒಂದು ಸಂಜೆ ಆಡಿನ ಮಾಂಸದ ಸಾರು ತಿಂದೆವು. ಎಲುಬು ನೋಡಿದ ಕೂಡಲೇ ಇದು ಮುದಿ ಹೋತ ಎಂದೆ. ಕುರುಬರ ಮಗಳನ್ನು ಕಟ್ಟಿಕೊಂಡರೆ ದೇಶದೇಶದ ಹೋತದ ವಯಸ್ಸು ತಿಳೀತದ ಎಂದು ಅವರು ಜೊತೆಗಿದ್ದವರಿಗೆಲ್ಲ ಹೇಳಿದರು.

ಮತ್ತೊಂದು ದಿನ ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕರೆದೊಯ್ದರು. ದಂಡೆ ಬಹಳ ದೂರ ಉಳಿದ ಮೇಲೆ ದೋಣಿ ನಿಲ್ಲಿಸಿ, ಇಳಿಯಿರಿ ಎಂದರು. ಸಮುದ್ರದ ನಡುವೆ ಸೊಂಟದ ಮಟ್ಟದ ನೀರು, ಕೆಳಗೆ ಬಿಳಿ ಮರಳು. ಕೆರೆಗೂ ಇಳಿದವಳಲ್ಲ ನಾನು. ಅವರು ಮೊದಲು ಇಳಿದು ಕೈ ನೀಡಿದರು. ಬೀದರಿನ ರಸ್ತೆಯಲ್ಲಿ ಅವರು ಯಾವತ್ತೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದರು. ಅಲ್ಲಿ ಹಿಡಿದ ಕೈ ದೋಣಿ ಹತ್ತುವವರೆಗೂ ಬಿಡಲಿಲ್ಲ. ಉಪ್ಪುನೀರಿನಲ್ಲಿ ಅವರ ಅಂಗೈ ಬೆಚ್ಚಗಿತ್ತು. ಈಗಲೂ ಬಟ್ಟೆ ಹಿಂಡುವಾಗ, ಪಾತ್ರೆ ತೊಳೆಯುವಾಗ, ನೀರೊಳಗೆ ಕೈ ಇಟ್ಟರೆ ಅದು ನೆನಪಾಗುತ್ತದೆ. ಆಗ ನಳ ಬಂದ್ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅಮಾವಾಸ್ಯೆಯ ಬೆಳಿಗ್ಗೆ ತಿಂಡಿಗೆ ಕೂತಾಗ ಅವರ ಫೋನಿಗೆ ನನ್ನ ಮೈದುನ, ಅಂದರೆ ಅವರ ತಮ್ಮ, ಹೊಲದ ವಿಡಿಯೊ ಕಳಿಸಿದ್ದ. ಜೋಳದ ದಂಟಿನ ಕೊಂಪೆ, ಅದರೊಳಗೆ ಪಾಂಡವರೆಂದು ಪೂಜೆ ಮಾಡಿದ ಐದು ಕಲ್ಲು, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಹಸಿ ತೊಗರಿ, ಅವರೆ, ಸೊಪ್ಪು, ಎಳೆಯ ತರಕಾರಿ ಎಲ್ಲ ಕೂಡಿಸಿ ಕುದಿಸಿದ ಪಲ್ಯಕ್ಕೆ ನಾವು ಭಜ್ಜಿ ಅನ್ನುತ್ತೇವೆ. ಮೈದುನ ಚರಗ ಚೆಲ್ಲುತ್ತ ಕೂಗುವುದೂ ಕೇಳಿಸಿತು. ಇವರು ಅದನ್ನು ಮತ್ತೆ ಮತ್ತೆ ನೋಡಿದರು. ತಾಟಿನಲ್ಲಿದ್ದದ್ದು ಹಾಗೇ ಉಳಿಯಿತು. ಉಪ್ಪು ಕೂಡ ಕೇಳಲಿಲ್ಲ.

ಆ ದಿನ ಜಲಪಾತ ನೋಡಿ ಬರುವಾಗ ಮಧ್ಯಾಹ್ನ ಡ್ರೈವರ್ ರಸ್ತೆಬದಿಯ ಒಂದು ಊಟದ ಮನೆಯ ಮುಂದೆ ನಿಲ್ಲಿಸಿದ. ತಗಡಿನ ಚಾವಣಿ, ಉದ್ದ ಬೆಂಚು. ತಲೆಗೆ ಬಣ್ಣದ ವಸ್ತ್ರ ಸುತ್ತಿದ ಎತ್ತರದ ಹೆಂಗಸು ಅಡುಗೆಯನ್ನೂ ಮಾಡಿ ತಾನೇ ಬಡಿಸುತ್ತಿದ್ದಳು. ಕಂದು ಬಣ್ಣದ ಅನ್ನ, ಅದರಲ್ಲಿ ಕೋಳಿಯ ತುಂಡು, ನಡುನಡುವೆ ಹಸಿರು ಕಾಳು. ಇವರು ಒಂದು ತುತ್ತು ತಿಂದು, ಉಪ್ಪು ಕಡಿಮಿ ಎಂದು ಕೈ ಚಾಚಿದರು. ಚಾಚಿದ ಕೈ ಹಿಂದಕ್ಕೆ ಬಂತು. ಅನ್ನದಿಂದ ಒಂದು ಕಾಳು ಆಯ್ದು, ಅಂಗಡಿಯಲ್ಲಿ ಮಾಲು ನೋಡುವಂತೆ ಮುಂದಿನ ಹಲ್ಲಿನಿಂದ ಕಡಿದರು.

"ಏ, ಇದು ತೊಗರಿ."

"ಬಟಾಣಿ ಇರ್ಬೇಕ್ರಿ" ಎಂದೆ.

"ಗಂಜಿನಾಗ ಕೂದಲಾ ಬೆಳ್ಳಗಾದವು. ನನಗ ತೊಗರಿ ಗುರ್ತ ಸಿಗಲ್ಲಂತಿ?"

ಅಡುಗೆಯವಳು ಊಟದಲ್ಲಿ ಏನೋ ಬಿದ್ದಿದೆ ಎಂದುಕೊಂಡು ಬಂದಳು. ನನ್ನ ಸಾಲಿ ಮಾಸ್ತರಿಣಿಯ ಇಂಗ್ಲಿಷಿನಲ್ಲಿ, ಈ ಕಾಳು ನಮ್ಮೂರಿನಲ್ಲಿಯೂ ಬೆಳೆಯುತ್ತದೆ, ಇವರು ಅದನ್ನೇ ಮಾರಿ ಬದುಕಿದವರು ಎಂದು ಹೇಳಿದೆ. ಅವಳು ನಕ್ಕು, ಇವರ ಮುಂಗೈ ಹಿಡಿದು ಎಬ್ಬಿಸಿಕೊಂಡು ಹಿತ್ತಿಲಿಗೆ ಕರೆದೊಯ್ದಳು. ಬೇಲಿಯ ಪಕ್ಕ ತೊಗರಿ ಗಿಡಗಳು. ನಮ್ಮ ಹೊಲದ ಗಿಡದಂತಲ್ಲ, ಇವರ ತಲೆಯ ಮೇಲೆ ಹೋಗುವಷ್ಟು ಎತ್ತರ, ತುಂಬ ಕಾಯಿ. ಅಲ್ಲಿ ಮನೆಮನೆಯ ಹಿಂದೆಯೂ ಇದನ್ನು ಹಾಕಿಕೊಳ್ಳುತ್ತಾರಂತೆ. ಕ್ರಿಸ್‌ಮಸ್ ಹೊತ್ತಿಗೆ ಕಾಯಿ ಬರುತ್ತದಂತೆ.

ಇವರು ಗಿಡದ ಕೆಳಗೆ ನಿಂತು ಏನೋ ಲೆಕ್ಕ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಊರಾಗ ಈಗ ನಡುರಾತ್ರಿ, ಅಲ್ಲಿ ಅಮಾಸಿ ಮುಗೀತು. ಇಲ್ಲಿ ಇನ್ನಾ ಅದ."

ಒಳಗೆ ಹೋಗಿ ನಾನಿನ್ನೂ ಮುಟ್ಟದ ನನ್ನ ತಾಟಿನಿಂದ ಕೋಳಿ ತಾಗದ ಕಡೆಯ ಅನ್ನ ಒಂದು ಹಿಡಿ, ಒಂದು ಲೋಟ ನೀರು ತಂದರು. ಚಪ್ಪಲಿ ಬಿಟ್ಟರು. ಅನ್ನವನ್ನು ಗಿಡದ ಬುಡಕ್ಕೆ ಚೆಲ್ಲಿ ಸುತ್ತ ನೀರು ಬಿಟ್ಟರು. ಸಾಯಗಾಂವದಲ್ಲಾದರೆ ಕೂಗುತ್ತಿದ್ದರು, ಅಲ್ಲಿ ತುಟಿಯೊಳಗೇ ಏನೋ ಅಂದುಕೊಂಡರು. ಅನ್ನ ಚೆಲ್ಲಿದ್ದಕ್ಕೆ ಆ ಹೆಂಗಸು ಬೇಸರ ಮಾಡಿಕೊಂಡಾಳೆಂದು ನಾನು ಅವಸರದಲ್ಲಿ ಹೇಳಿದೆ, ಇದು ಭೂಮಿಗೆ, ಮೊದಲ ತುತ್ತು ಭೂಮಿಗೆ ಎಂದು. ಅವಳು ಒಳಗಿನಿಂದ ರಮ್ ಬಾಟಲಿ ತಂದಳು. ನಾವು ಅನ್ನ ಚೆಲ್ಲಿದ ಜಾಗದ ಪಕ್ಕದಲ್ಲೇ ನಾಲ್ಕು ಹನಿ ಬಿಟ್ಟಳು. ಬಾಟಲಿ ತೆರೆದರೆ ಮೊದಲ ಹನಿ ತೀರಿಹೋದವರಿಗೆ ಕೊಡಬೇಕು, ತನ್ನ ಅಜ್ಜಿ ಹಾಗೆ ಮಾಡುತ್ತಿದ್ದಳು ಎಂದಳು. ಇವರು ಮತ್ತೆ ಬೆಂಚಿಗೆ ಬಂದು ಎರಡು ಸಲ ಹಾಕಿಸಿಕೊಂಡು ಉಂಡರು. ಉಪ್ಪನ್ನು ಮರೆತೇಬಿಟ್ಟರು. ಅಷ್ಟು ಸಮಾಧಾನದಿಂದ ಅವರು ಉಂಡದ್ದನ್ನು ನಾನು ಬೇರೆ ಎಲ್ಲಿಯೂ ನೋಡಿಲ್ಲ.

ಅಡುಗೆ ಹೇಗೆ ಎಂದು ಕೇಳಿಕೊಂಡೆ. ಎಣ್ಣೆಯಲ್ಲಿ ಸಕ್ಕರೆ ಹಾಕಿ ಕಪ್ಪಾಗುವ ತನಕ ಕಾಯಿಸಬೇಕು, ಆಮೇಲೆ ಮಾಂಸ, ಅಕ್ಕಿ, ಹಸಿ ತೊಗರಿ, ತೆಂಗಿನ ಹಾಲು. ಮೇಲೊಂದು ಇಡೀ ಮೆಣಸಿನಕಾಯಿ, ಅದು ಒಡೆಯಬಾರದು. ವಿಮಾನದಲ್ಲಿ ಇವರು, ಮನಿಗಿ ಹೋದಕೂಡಲೆ ಮಾಡು ಎಂದರು. ಊರಿಗೆ ಬಂದು, ಔರಾದಿನಲ್ಲಿ ನನ್ನಣ್ಣನ ಮೊಮ್ಮಗಳ ಮದುವೆ ಮುಗಿಸುವಷ್ಟರಲ್ಲಿ ತೊಗರಿ ಒಣಗಿ ಕೊಯ್ಲಿಗೆ ಬಂದಿತ್ತು. ಮುಂದಿನ ವರ್ಷ ಎಂದುಕೊಂಡೆವು.

ಬೇಸಿಗೆಯಲ್ಲಿ ಹೊಟ್ಟೆನೋವು ಶುರುವಾಯಿತು. ಹೈದರಾಬಾದಿನ ದವಾಖಾನೆಗೆ ತಿರುಗಿದೆವು. ಬಾಯಿಗೆ ಯಾವ ರುಚಿಯೂ ಹತ್ತದಾಯಿತು. ಅವರು ಆ ಅನ್ನ ಕೇಳಿದಾಗ ಒಣ ತೊಗರಿ ನೆನೆಹಾಕಿ ಒಂದು ಸಲ ಮಾಡಿಕೊಟ್ಟೆ. ಎರಡು ಕಾಳು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. "ಇದು ಗಂಜಿಂದು. ಅದು ಹಿತ್ತಲಿಂದು ಇತ್ತು" ಎಂದರು. ಆಗಲೇ ನಾನು ಹಸಿ ತೊಗರಿ ಬರಲಿ ಎಂದದ್ದು.

ಈ ಸಲ ಅಮಾವಾಸ್ಯೆ ಹತ್ತಿರ ಬಂದಾಗ ಮೈದುನ ಫೋನ್ ಮಾಡಿ, ಬರುತ್ತೀರೇನು ಎಂದು ಕೇಳಿದ. ವರ್ಷದೊಳಗೆ ನಮಗೆ ಹಬ್ಬ ಇಲ್ಲವಲ್ಲ ಎಂದೆ.

"ನಮಗ ಹಬ್ಬ ಇಲ್ರಿ ವೈನಿ. ಹೊಲಕ್ಕ ಯಾಕ ಉಪಾಸ ಕೆಡವೋದು?" ಎಂದ.

ಫೋನ್ ಇಟ್ಟ ಮೇಲೆ ಪೇಟೆಗೆ ಹೋದೆ. ತೊಗರಿಕಾಯಿಯ ಸಾಲಿನಲ್ಲೇ ನಡೆದು ಹೋದೆ. ಆದರೆ ಕೊಳ್ಳಲಿಲ್ಲ, ಅವರ ಹೊಲದ ಕಾಯಿಯೇ ಇರುವಾಗ ಕೊಳ್ಳುವುದೇಕೆ. ಎರಡು ತೆಂಗಿನಕಾಯಿ ಮಾತ್ರ ತೆಗೆದುಕೊಂಡು ಭಾಲ್ಕಿ ಬಸ್ಸು ಹತ್ತಿದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಮೈದುನನ ಒಲೆಯ ಮುಂದೆ ಕೂತೆ. ಅವನ ಹೆಂಡತಿ, ನನ್ನ ನೆಗೆಣ್ಣಿ, ತೊಗರಿಕಾಯಿ ಸುಲಿದು ಕೊಟ್ಟಳು. ನಾನು ಎಣ್ಣೆಗೆ ಸಕ್ಕರೆ ಸುರಿದಾಗ ಅವಳ ಕೈ ನಿಂತಿತು.

"ಅಕ್ಕಾ, ಸಕ್ರಿ ಸುಟ್ಟು ಯಾರರ ಅನ್ನ ಮಾಡ್ತಾರೇನ್ರಿ?"

"ನಿಮ್ಮ ಭಾವ ಎರಡು ಸಲ ಹಾಕಿಸ್ಕೊಂಡು ಉಂಡಾರ" ಎಂದೆ. ಅವಳು ತೆಂಗಿನಕಾಯಿ ತುರಿದು ಹಾಲು ಹಿಂಡಿಕೊಟ್ಟಳು. ಹೊಲಕ್ಕೆ ಒಯ್ಯುವ ಅಡುಗೆಯಾದ್ದರಿಂದ ಕೋಳಿ ಹಾಕಲಿಲ್ಲ. ಮೇಲೆ ಇಡೀ ಮೆಣಸಿನಕಾಯಿ ಇಟ್ಟೆ. ಅನ್ನ ಬೆಂದು ಪರಿಮಳ ಬಂದಾಗ ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಬೇಕು ಅನ್ನಿಸಿತು. ಚರಗದ ಅಡುಗೆಯನ್ನು ಮೊದಲು ರುಚಿ ನೋಡುವಂತಿಲ್ಲ. ಆ ರುಚಿ ಬಂತೋ ಇಲ್ಲವೋ ಗೊತ್ತಿಲ್ಲದೆಯೇ ಮುಚ್ಚಳ ಮುಚ್ಚಿದೆ.

ಹೊಲದಲ್ಲಿ ಮೈದುನ ಪಾಂಡವರ ಪೂಜೆ ಮಾಡಿ, ಭಜ್ಜಿ ರೊಟ್ಟಿ ಚೆಲ್ಲುತ್ತ ಕೂಗುತ್ತ ಬದುವಿನ ಮೇಲೆ ಒಂದು ಸುತ್ತು ಬಂದ. ಅಣ್ಣನ ದನಿಯೇ ಅವನದೂ. ನಾನು ಅಲ್ಲಿಯವರೆಗೂ ಕೊಂಪೆಯ ಹತ್ತಿರ ನಿಂತಿದ್ದೆ. ಆಮೇಲೆ ಬೋಗುಣಿ ಎತ್ತಿಕೊಂಡು ತೊಗರಿ ಸಾಲಿನ ನಡುವೆ ಹೋದೆ. ನಮ್ಮ ತೊಗರಿ ನನ್ನ ಭುಜದ ಮಟ್ಟಕ್ಕಿತ್ತು. ಚಪ್ಪಲಿ ಬಿಟ್ಟು, ಒಂದು ಹಿಡಿ ಅನ್ನ ಬುಡಕ್ಕೆ ಹಾಕಿ ನೀರು ಬಿಟ್ಟೆ. ಕರಿ ಮಣ್ಣು ನೀರನ್ನು ಕೂಡಲೇ ಕುಡಿಯಿತು. ಹಸಿ ತೊಗರಿದು ಮಾಡೀನ್ರಿ, ಎಂದೆ.

ಊಟಕ್ಕೆ ಕೂತಾಗ ಹೊತ್ತು ಇಳಿದಿತ್ತು. ಅವರ ಫೋನು ನನ್ನ ಚೀಲದಲ್ಲಿತ್ತು. ಪ್ರವಾಸದಲ್ಲಿ ಅದರಲ್ಲಿ ಹಾಕಿಕೊಂಡ ಟೊಬೆಗೊ ಸಮಯದ ಗಡಿಯಾರವನ್ನು ಅವರು ತೆಗೆದಿರಲಿಲ್ಲ, ನಾನೂ ತೆಗೆದಿಲ್ಲ. ಅಲ್ಲಿ ಆಗಷ್ಟೇ ಬೆಳಕು ಹರಿಯುವ ಹೊತ್ತು. ಅಮಾವಾಸ್ಯೆ ಇಡೀ ದಿನ ಮುಂದಿತ್ತು.

ಎಲ್ಲರ ತಾಟಿಗೂ ಆ ಅನ್ನ ಸ್ವಲ್ಪ ಸ್ವಲ್ಪ ಹಾಕಿದೆ. ಮೈದುನ ಒಂದು ತುತ್ತು ಬಾಯಿಗಿಟ್ಟು, ಚಲೋ ಅದರಿ ವೈನಿ, ಉಪ್ಪು ಒಂಚೂರು ಕಡಿಮಿ ಎಂದ. ಅಂದ ಮೇಲೆ ತಾನೇ ತಲೆ ತಗ್ಗಿಸಿದ. ನೆಗೆಣ್ಣಿ ಉಪ್ಪಿನ ಡಬ್ಬಿ ನನ್ನ ಮುಂದೆ ಸರಿಸಿದಳು.

ನಾನೂ ತಿಂದು ನೋಡಿದೆ. ನಿಜ, ಉಪ್ಪು ಕಡಿಮೆ ಇತ್ತು. ಆ ತಗಡಿನ ಚಾವಣಿಯ ಕೆಳಗೆ, ಮೊದಲ ತುತ್ತಿನಲ್ಲಿ ಇದ್ದದ್ದೂ ಇದೇ ರುಚಿ. ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು, ಮುಚ್ಚಳ ತೆಗೆಯದೆ, ಇದ್ದಂತೆಯೇ ಉಂಡೆ.