ಅಡಿಕೆ ಚೊಗರಿನಲ್ಲಿ ಬೆಂದ ಕಳ್ಳಿ

ನನ್ನ ಹಟದಿಂದ ನನಗೆ ಒಳ್ಳೆಯದಾದದ್ದು ಕಡಿಮೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬಿ.ಎಸ್ಸಿ. ಓದುವಾಗ ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ ಒಪ್ಪಿಸಬೇಕಿತ್ತು. ನಮ್ಮೂರು ಸೊಕ್ಕೆಯ ಹೊಲದ ಬೇಲಿಯ ಕಳ್ಳಿಯನ್ನೇ ತರುತ್ತೇನೆಂದು ಪಟ್ಟಿಯಲ್ಲಿ ಬರೆದುಕೊಟ್ಟೆ. ಅದಕ್ಕೆ ಕಾರಣವಿತ್ತು. ಸಸ್ಯಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ‘ಯೂಫೋರ್ಬಿಯ ತಿರುಕಲ್ಲಿ’ ಎಂದು ಬರೆದು, ಮೊದಲ ಪದ ಹಳೆಯ ಕಾಲದ ಒಬ್ಬ ರಾಜವೈದ್ಯನ ಹೆಸರಿನಿಂದ ಬಂದದ್ದು, ಎರಡನೆಯದು ಮಲಯಾಳಿಗಳ ಬಾಯಿಂದ ಹೋದದ್ದು, ಅದರೊಳಗಿರುವುದು ನಮ್ಮ ಕಳ್ಳಿಯೇ ಎಂದಿದ್ದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ಉಬ್ಬಿಹೋಗಿದ್ದೆ.

“ಅದು ಒಣಗೋದಿಲ್ಲ, ಬೇರೆ ತಗೊಳ್ಳಮ್ಮ” ಎಂದರು ಮೇಷ್ಟ್ರು. ನಾನೆಲ್ಲಿ ಕೇಳುತ್ತೇನೆ! ಪೇಪರಿನ ಮಡಿಕೆಯಲ್ಲಿಟ್ಟು ಮೇಲೆ ಕಲ್ಲು ಹೇರಿದೆ. ಮೂರು ವಾರದ ಮೇಲೆ ತೆಗೆದರೆ, ಒಣಗುವುದಿರಲಿ, ತುದಿಯಲ್ಲಿ ಎಳೆಯ ಚಿಗುರು! ಒಪ್ಪಿಸಲು ಉಳಿದದ್ದು ಹತ್ತೇ ದಿನ. ಹಾಳೆ ಕಡಿಮೆಯಾದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ನಪಾಸಾದರೆ ಓದು ಸಾಕು ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು.

ಆ ಶನಿವಾರ ಉಬ್ರಾಣಿಯ ಅಕ್ಕನ ಮನೆಗೆ ಹೋಗುವಾಗಲೂ ಪೇಪರಿನ ಕಟ್ಟು ಬಗಲಲ್ಲೇ ಇತ್ತು. ಅಂಗಳದಲ್ಲಿ ಅಡಿಕೆ ಬೇಯುತ್ತಿತ್ತು. ಅಕ್ಕನ ಅತ್ತೆ ಕಟ್ಟು ಬಿಚ್ಚಿ ನೋಡಿ ನಕ್ಕುಬಿಟ್ಟರು.

“ಅಲ್ವೇ, ಜೀವ ಇರೋದನ್ನ ಹಂಗೇ ಒಣಗಾಕೆ ಇಟ್ರೆ ಹೆಂಗೆ ಒಣಗ್ತೈತೆ? ನಾವು ಅಡಿಕೆನ ಬೇಯಿಸ್ದೆ ಬಿಸಿಲಿಗೆ ಹಾಕ್ತೀವೇನು? ನಡಿ ಹಿಂದಕ್ಕೆ, ಹಾಲು ಸಿಡಿದ್ರೆ ಕಣ್ಣೇ ಹೋಗ್ತೈತೆ.”

ಹಂಡೆಯಿಂದ ಚೊಗರನ್ನು, ಅಂದರೆ ಅಡಿಕೆ ಕುದಿದ ಕೆಂಪು ನೀರನ್ನು, ಹಳೆಯ ಡಬ್ಬಕ್ಕೆ ಸುರಿದು ಕಳ್ಳಿಯನ್ನು ಅದ್ದಿದರು. ಬೆಂದ ಕಳ್ಳಿಯನ್ನು ಹೊರತೆಗೆದು, ವಿಷದ ಹಾಲು ಸೇರಿದ ಆ ಡಬ್ಬವನ್ನು ಯಾರೂ ಮುಟ್ಟದಂತೆ ಹೂಳಿದರು. ನಾನು ಕಾಲೇಜು ತಪ್ಪಿಸಿ ಅಲ್ಲೇ ಉಳಿದೆ. ದಿನಾ ಪೇಪರ್ ಬದಲಿಸಿ ಒಲೆಯ ಪಕ್ಕ ಇಟ್ಟೆವು. ವಾರದಲ್ಲಿ ಕಳ್ಳಿ ಒಣಗಿತು, ಬಣ್ಣ ಮಾತ್ರ ಅಡಿಕೆಯದು.

“ಕೆಂಪು ಕಳ್ಳಿ ಯಾವ ಕಾಡಿಂದಮ್ಮ?” ಎಂದರು ಮೇಷ್ಟ್ರು. ನಡೆದದ್ದನ್ನೆಲ್ಲ ಹೇಳಿದೆ. ಹಾಗಾದರೆ ಅದನ್ನೂ ಬರಿ ಎಂದು ಹಾಳೆಯ ಚೀಟಿಯಲ್ಲಿ ಬರೆಸಿ ರುಜು ಹಾಕಿದರು.

ಪಾಸಾದೆ. ಆ ಕುದಿನೀರು ಇಲ್ಲದಿದ್ದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು, ಈ ಋಣವನ್ನು ನಾನು ಮರೆತವಳಲ್ಲ. ಹಾಳೆ ವಾಪಸು ಸಿಕ್ಕ ದಿನವೇ ಉಬ್ರಾಣಿಗೆ ಒಯ್ದೆ. ಅತ್ತೆಗೆ ಓದು ಬರದು; ಗಿಡದ ಹೆಸರಿನಲ್ಲೇ ನಮ್ಮ ಕಳ್ಳಿ ಇದೆ ಎಂದೆ.

“ಕಳ್ಳಿ ಅಂತ ಎಲ್ಲೈತೆ?”

ಚೊಗರಿನಿಂದ ಕಪ್ಪಾದ ಅವರ ಬೆರಳು ಹಿಡಿದು ‘ತಿರುಕಲ್ಲಿ’ಯ ಕೊನೆಯ ಇಂಗ್ಲಿಷ್ ಅಕ್ಷರಗಳ ಮೇಲೆ ಸರಿಸಿದೆ.

“ನಿಮ್ದೂ ಐತ್ರಿ ಅತ್ತೆ” ಎಂದು ಕೆಳಗಿನ ಸಾಲು ಓದಿದೆ: ‘ಉಬ್ರಾಣಿಯ ಹಿರಿಯರೊಬ್ಬರು ಕಲಿಸಿದಂತೆ ಬೇಯಿಸಿ ಒಣಗಿಸಿದ್ದು.’

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಇನ್ನೊಂದ್ಸಲ ಓದವ್ವಾ” ಎಂದರು.