ಗಂಜಿ ತೆಳಿ ನೀರಲ್ಲ

ಕೋಟದ ನಮ್ಮ ಮನೆಯೆದುರಿನ ಹೆದ್ದಾರಿ ಆಗಿನ್ನೂ ಕಿರಿದಾಗಿತ್ತು. ಕೈ ತೋರಿಸಿದಲ್ಲೆಲ್ಲ ಬಸ್ಸು ನಿಲ್ಲುತ್ತಿದ್ದ ಕಾಲ. ನನಗೆ ಒಂಬತ್ತು, ತಮ್ಮ ಸುಧಿಗೆ ಮೂರು. ಆ ವರ್ಷ ಅವನ ಮಲದಲ್ಲಿ ರಕ್ತ ಬೀಳತೊಡಗಿತು. ಹುಳ ಎಂದರು, ಉಷ್ಣ ಎಂದರು. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ, ಇದು ಕರುಳಿನ ಉರಿಯೂತ, ಸುಲಭಕ್ಕೆ ಬಿಡುವ ಜಾತಿಯದ್ದಲ್ಲ ಎಂದರು. ಎಂಟು ವಾರ ಡಬ್ಬಿಯ ಪುಡಿ ಕಲಸಿದ ಹಾಲು ಮತ್ತು ನೀರು ಮಾತ್ರ. ಬೇರೇನೂ ಬಾಯಿಗೆ ಹೋಗಬಾರದು. ಇದಕ್ಕೆ ಮಾಯದಿದ್ದರೆ ಕೊಡಬೇಕಾದ ಮದ್ದು ಮಗುವಿನ ಬೆಳವಣಿಗೆಯನ್ನೇ ತಡೆಯಬಹುದಂತೆ.

ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಕಾವಲಿಗೆ ಅಕ್ಕನಾದ ನಾನು, ನಾನು ಶಾಲೆಗೆ ಹೋದಾಗ ಅಮ್ಮನ ತಾಯಿ ಅಮ್ಮಮ್ಮ. ನೆರೆಮನೆಯವರು ಕೈಗಿಟ್ಟ ಚಕ್ಕುಲಿ ಕಿತ್ತುಕೊಂಡರೆ ಸುಧಿ ನನ್ನನ್ನು ಕಚ್ಚುತ್ತಿದ್ದ. ನಾನು ಬಿಡುತ್ತಿರಲಿಲ್ಲ. ಬಂಗುಡೆ ಹುರಿಯುವ ವಾಸನೆ ಬಂದರೆ ಅವನನ್ನು ಎತ್ತಿಕೊಂಡು ಗದ್ದೆಯಂಚಿಗೆ ಓಡುತ್ತಿದ್ದೆ. ಹಠದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ.

ಎರಡನೆಯ ವಾರ ಶಾಲೆಯಿಂದ ಬೇಗ ಬಂದು ನೋಡಿದರೆ, ಹಿಂದಿನ ಜಗಲಿಯಲ್ಲಿ ಅಮ್ಮಮ್ಮ ಅವನಿಗೆ ಉಪ್ಪು ಹಾಕಿದ ಗಂಜಿ ತೆಳಿ, ಅಂದರೆ ಬೆಂದ ಅಕ್ಕಿಯಿಂದ ಬಸಿದ ನೀರು, ಕುಡಿಸುತ್ತಿದ್ದಳು. ದಿನಾ ಕೊಡುತ್ತಿದ್ದಳಂತೆ.

"ತೆಳಿ ಊಟ ಅಲ್ಲ ಹೆಣೆ, ಅದ್ ನೀರೇ ಅಲ್ದಾ? ನೀರ್ ಕೊಡ್ಲಕ್ ಅಂದಿದ್ರಲ್ದಾ?"

ಅವಳದು ಕಪಟವಲ್ಲ. ಕುಚ್ಚಲಕ್ಕಿ ಬೇಯುವ ನಮ್ಮ ಮನೆಗಳಲ್ಲಿ ಬಾಯಾರಿದವರಿಗೂ ತೆಳಿ, ಜ್ವರ ಬಂದವರಿಗೂ ತೆಳಿ, ಅದನ್ನು ಊಟವೆಂದವರಿಲ್ಲ. ಆದರೂ ಅಮ್ಮನಿಗೆ ಹೇಳಿದೆ, ಅಮ್ಮಮ್ಮನ ಮುಖ ನೋಡಲಾಗದೆ ಅಳುತ್ತಲೇ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ, ಎಂಟು ವಾರ ಇಂದಿನಿಂದ ಹೊಸದಾಗಿ ಶುರು ಎಂದರು.

ಅಮ್ಮಮ್ಮ ಡಬ್ಬಿಯನ್ನು ತನ್ನ ಹತ್ತಿರ ಎಳೆದುಕೊಂಡಳು. "ನಂಗ್ ಗೊತ್ತಾಯ್ಲ. ಇನ್ನ್ ಈ ಹಾಲ್ ನಾನೇ ಕಲಸ್ತೆ."

ಕಲಸಿದಳು ಕೂಡ. ಚಮಚದ ಪುಡಿಯನ್ನು ಬೆರಳಿನಿಂದಲ್ಲ, ಚೂರಿಯ ಬೆನ್ನಿನಿಂದ ಮಟ್ಟ ಮಾಡುತ್ತಿದ್ದಳು. ಸುಧಿ ಮುಖ ತಿರುಗಿಸಿದರೆ ಲೋಟ ಹಿಡಿದು ಅಂಗಳವಿಡೀ ಬೆನ್ನು ಹತ್ತುತ್ತಿದ್ದಳು. ತನ್ನ ಗಂಜಿಯನ್ನು ಅವನು ಮಲಗಿದ ಮೇಲೆಯೇ ಉಣ್ಣುತ್ತಿದ್ದಳು. ಅವಳ ಹಠದ ಮುಂದೆ ನನ್ನದು ಏನೂ ಅಲ್ಲ.

ರಕ್ತ ನಿಂತಿತು, ತೂಕ ಏರಿತು. ಇನ್ನು ಮೊದಲು ಏನು ಕೊಡಲಿ ಎಂದು ಅಮ್ಮ ಕೇಳಿದಾಗ ಡಾಕ್ಟರಮ್ಮ, ಜೊತೆಗೆ ಬಂದಿದ್ದ ಅಮ್ಮಮ್ಮನತ್ತ ತಿರುಗಿ, ಗಂಜಿ ತೆಳಿ ಕೊಡಿ ಎಂದರು. ಅಮ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಸುಧಿ ಈಗ ನನಗಿಂತ ಎತ್ತರ. ಮಾತ್ರೆ ತಪ್ಪಿಸುವುದಿಲ್ಲ. ಹೊಟ್ಟೆ ಕೆಟ್ಟ ದಿನ ನನ್ನ ಮನೆಗೆ ಬಂದು ತೆಳಿ ಕೇಳುತ್ತಾನೆ. ಅಮ್ಮಮ್ಮ ಇಲ್ಲ, ಅವಳ ಗಂಜಿ ಪಾತ್ರೆಯೂ ಇಲ್ಲ. ನನ್ನ ಕುಕ್ಕರಿನಲ್ಲಿ ಬಸಿಯಲು ನೀರೇ ಉಳಿಯುವುದಿಲ್ಲ.